ಹತ್ತೂ ಬೆರಳಿಗೆ ಮತದಾನದ ಶಾಯಿ: ನನ್ನ ಪತ್ತೇದಾರಿ ಕಾದಂಬರಿಯ ಗಂಟು ಎಲ್ಲಿ ಸಡಿಲವಾಗಿದೆ?

ನಾಲೆ ಏರಿ

ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಹೆಲಿಕಾಪ್ಟರ್ ಇಲ್ಲ, ದುಬೈ ಇಲ್ಲ, ಗಾಜಿನ ಕಟ್ಟಡದಿಂದ ಹಾರುವ ನಾಯಕನೂ ಇಲ್ಲ. ಮಂಡ್ಯ ಜಿಲ್ಲೆಯ ಒಂದು ಗ್ರಾಮಾಂತರ ಠಾಣೆ, ಅಲ್ಲಿಗೆ ಹೊಸದಾಗಿ ಬಂದ ಮಹಿಳಾ ಪಿಎಸ್‌ಐ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯಲ್ಲಿ ತೇಲಿ ಬಂದು ತೂಬಿಗೆ ಸಿಕ್ಕಿಕೊಂಡ ಒಂದು ಹೆಣ, ಇಷ್ಟರಿಂದ ಕಥೆ ಶುರು. ಸತ್ತವನ ಹತ್ತೂ ಬೆರಳು ಕಪ್ಪಾಗಿವೆ. ಮತ ಹಾಕಿದಾಗ ನಮ್ಮ ಎಡಗೈ ತೋರುಬೆರಳಿಗೆ ಹಚ್ಚುತ್ತಾರಲ್ಲ, ಅದೇ ಶಾಯಿ.

ಅಲ್ಲಿಂದ ಕಥೆ ಮೈಸೂರಿಗೆ, ಮೈಸೂರಿನಿಂದ ಸಮುದ್ರದಾಚೆಯ ಒಂದು ಸಣ್ಣ ದೇಶದ ಚುನಾವಣೆಗೆ ಹೋಗುತ್ತದೆ. ಆ ದೇಶಕ್ಕೆ ಹೋಗಬೇಕಾದ ಅಸಲಿ ಶಾಯಿಯ ಜಾಗದಲ್ಲಿ ತೊಳೆದರೆ ಹೋಗುವ ಬಣ್ಣದ ನೀರು ಹೋಗಿದೆ. ಅಲ್ಲಿ ಒಬ್ಬೊಬ್ಬ ನಾಲ್ಕು ನಾಲ್ಕು ಬಾರಿ ಮತ ಹಾಕಿದ್ದಾನೆ. ಸತ್ತವನು ಆ ನಕಲಿ ಶಾಯಿ ತುಂಬುತ್ತಿದ್ದ ಕೂಲಿ.

ಕಥೆಯಲ್ಲಿ ಬರುವ ಕಾರ್ಖಾನೆ ಕಲ್ಪಿತ. ಪೊಲೀಸ್ ಕೆಲಸ ನಂಬುವಂತಿದೆಯೇ, ಸಂಚು ನಿಲ್ಲುತ್ತದೆಯೇ, ಇವೆರಡರ ಬಗ್ಗೆ ಬಿಚ್ಚುಮನಸ್ಸಿನಿಂದ ಹೇಳಿ.

ಕೊನೆಯ ಪುಟ

ಶಾಯಿಯೇ? ಮೈಸೂರು ಸೀಮೆಯಲ್ಲಿ ಅಂತಾರಾಷ್ಟ್ರೀಯ ಕಳ್ಳತನಕ್ಕೆ ಸಾಮಗ್ರಿಯ ಬರವಿದೆಯೇ? ಗಂಧವಿದೆ. ನೂರು ವರ್ಷಕ್ಕೂ ಹಿಂದಿನಿಂದ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುತ್ತಿದ್ದಾರೆ. ವಿಗ್ರಹಗಳಿವೆ. ಸೋಮನಾಥಪುರದ ಮೂರು ಗರ್ಭಗುಡಿಗಳಲ್ಲಿ ವೇಣುಗೋಪಾಲ, ಜನಾರ್ದನರು ಇದ್ದಾರೆ, ಮೂಲ ಕೇಶವನೇ ಇಲ್ಲ. ಅದಕ್ಕಿಂತ ದೊಡ್ಡ ಮೊದಲ ಅಧ್ಯಾಯ ಬೇಕೇ? ತಮಿಳುನಾಡಿನ ಶ್ರೀಪುರಂದನ್ ನಟರಾಜ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಯಲ್ಲಿ ನಿಂತು, 2014ರಲ್ಲಿ ಮರಳಿ ಬಂದ ಕಥೆ ಗೊತ್ತಲ್ಲ. ಅದನ್ನು ಮಾರಿದ್ದ ನ್ಯೂಯಾರ್ಕ್ ವ್ಯಾಪಾರಿಯನ್ನು 2011ರಲ್ಲಿ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಅಂಥದ್ದನ್ನು ಬಿಟ್ಟು ಹತ್ತು ಮಿಲಿಲೀಟರ್ ಸೀಸೆಯ ಹಿಂದೆ ಏಕೆ ಬಿದ್ದಿದ್ದೀರಿ?

ನಾಲೆ ಏರಿ

ವಿಗ್ರಹದ ಕಥೆಯಲ್ಲಿ ಓದುಗರಿಗೆ ಮೊದಲೇ ಎಲ್ಲ ಗೊತ್ತಿರುತ್ತದೆ. ಹಳ್ಳಿಯ ಗುಡಿ, ರಾತ್ರಿ ಕಳ್ಳರು, ನಕಲಿ ದಾಖಲೆ, ವಿದೇಶದ ಶ್ರೀಮಂತ. ಗಂಧ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಒಂದೇ ಮೀಸೆ ಬಂದು ನಿಲ್ಲುತ್ತದೆ, 2004ರಲ್ಲಿ ಅವನು ಸತ್ತ ಮೇಲೂ. ನಿಮ್ಮ ನಟರಾಜನ ಕಥೆಯಲ್ಲಿ ನನಗೆ ಇಷ್ಟವಾದದ್ದು ಬೇರೆ: ವಿಗ್ರಹ ಅದೇ ಎಂದು ಸಾಬೀತಾಗಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಫೋಟೋಗಳು. ಬಂದೂಕು ಅಲ್ಲ, ಕಪಾಟು. ಅಂಥ ತನಿಖೆ ನನಗೆ ಬೇಕು.

ಬನ್ನಿಮಂಟಪದವರು

ನಮ್ಮ ಬಡಾವಣೆಯ ಪಕ್ಕದಲ್ಲೇ ನಿಜವಾದ ಶಾಯಿ ಕಾರ್ಖಾನೆ ಇದೆ, ಆದ್ದರಿಂದ ಎರಡು ಮಾತು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಹೋಗುತ್ತಿರುವುದು ಇಲ್ಲಿಂದ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ದಕ್ಷಿಣ ಆಫ್ರಿಕಾ, ನೈಜೀರಿಯಾ, ನೇಪಾಳ, ಕಾಂಬೋಡಿಯಾ ಎಂದು ಹಲವು ದೇಶಗಳಿಗೆ ರಫ್ತೂ ಆಗಿದೆ. 2016ರ ನವೆಂಬರ್‌ನಲ್ಲಿ ಹಳೆಯ ನೋಟು ಬದಲಿಸಲು ಸಾಲು ನಿಂತವರ ಬೆರಳಿಗೂ ಇದೇ ಬಿತ್ತು.

ಕಲ್ಪಿತ ಕಾರ್ಖಾನೆ ಎಂದಿರಿ, ಒಳ್ಳೆಯದು. ಆದರೂ ಓದುಗರು ನಮ್ಮೂರಿನದನ್ನೇ ನೆನೆಯುತ್ತಾರೆ. ಒಳಗಿನವರನ್ನು ಕಳ್ಳರನ್ನಾಗಿ ಮಾಡಬೇಡಿ. ಮೈಸೂರಿನವರು ಇದರ ಬಗ್ಗೆ ಸ್ವಲ್ಪ ಮುಂಗೋಪಿಗಳು, ನಾನೂ ಸೇರಿದಂತೆ. ಕಳ್ಳತನ ದಾರಿಯಲ್ಲಿ ಆಗಲಿ.

ರಸಾಯನ ಮೇಷ್ಟ್ರು

ಕಥೆ ಚೆನ್ನಾಗಿದೆ, ಆದರೆ ಬುಡದಲ್ಲೇ ಒಂದು ತೂತಿದೆ.

ಈ ಶಾಯಿ ಕಪ್ಪಾಗುವುದು ಅದರಲ್ಲಿರುವ ಬೆಳ್ಳಿಯಿಂದ. ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಹಚ್ಚಿದ ಕ್ಷಣದಲ್ಲಿ ಕಾಣುವ ನೇರಳೆ ಬರೀ ಬಣ್ಣ, ಅದು ತೊಳೆದರೆ ಹೋಗುತ್ತದೆ. ನಕಲಿ ಶಾಯಿ ಮಾಡುವವನು ಮೊದಲು ಬಿಡುವುದು ಬೆಳ್ಳಿಯನ್ನು. ತೊಳೆದರೆ ಹೋಗಬೇಕು ಎನ್ನುವುದೇ ಅವನ ಉದ್ದೇಶ. ಹಾಗಿದ್ದರೆ ನಕಲಿ ಶಾಯಿ ತುಂಬುವ ಕೂಲಿಯ ಕೈ ಕಪ್ಪಾಗುವುದು ಹೇಗೆ? ಅವನ ಕೈ ಸಂಜೆ ಸೋಪು ಹಾಕಿ ತೊಳೆದರೆ ಸ್ವಚ್ಛ. ನಿಮ್ಮ ಹೆಣದ ಹತ್ತೂ ಬೆರಳು ಕಪ್ಪಾಗಿದ್ದರೆ ಅವನು ಮುಟ್ಟಿದ್ದು ಅಸಲಿ ಶಾಯಿಯನ್ನು.

ಹುಲಿಕೆರೆ ಹುಡುಗಿ

ಮೇಷ್ಟ್ರೇ, ನೀವು ತೂತು ಎಂದದ್ದೇ ಈ ಕಥೆಯ ಬಾಗಿಲು! ಪಿಎಸ್‌ಐ ಕೂಡ ಮೊದಲು ನಾಲೆ ಏರಿಯವರಂತೆಯೇ ಯೋಚಿಸಲಿ. ಅರ್ಧ ಪುಸ್ತಕ ನಕಲಿ ಶಾಯಿಯ ಕಾರ್ಖಾನೆಯನ್ನು ಹುಡುಕಲಿ. ಆಮೇಲೆ ಯಾರಾದರೂ ನಿಮ್ಮಂಥವರು ಈ ಮಾತು ಹೇಳಲಿ.

ನಾಲೆಯ ವಿಷಯ ನಾನು ಹೇಳುತ್ತೇನೆ, ಮನೆ ಏರಿಯ ಪಕ್ಕದಲ್ಲೇ ಇದೆ. ನೀರು ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲ, ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ನಿಲ್ಲಿಸುತ್ತಾರೆ. ಹೆಣ ಎಲ್ಲಿ ಬಿತ್ತು ಎಂದು ಲೆಕ್ಕ ಹಾಕಬೇಕಾದರೆ ನೀರು ಯಾವತ್ತು ಬಿಟ್ಟರು, ಯಾವತ್ತು ನಿಲ್ಲಿಸಿದರು ಎನ್ನುವುದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗೆ ಗೊತ್ತಿರುತ್ತದೆ, ಪೊಲೀಸರಿಗಲ್ಲ. ಅವನನ್ನು ಮುಖ್ಯ ಪಾತ್ರ ಮಾಡಿ. ಇನ್ನೊಂದು, ನಾಲೆ ಹಾದುಹೋಗುವ ಹುಲಿಕೆರೆ ಸುರಂಗದ ಆಚೆ ಹೆಣ ಸಿಕ್ಕರೆ ಅದು ಸುರಂಗದೊಳಗಿಂದ ಬಂದಿದೆಯೇ, ಸುರಂಗ ದಾಟಿದ ಮೇಲೆ ಹಾಕಿದ್ದೇ ಎಂಬ ಪ್ರಶ್ನೆ ಬರುತ್ತದೆ. ಕಲ್ಲಿನ ಗೋಡೆಗೆ ಉಜ್ಜಿದ ಗಾಯ ಇದೆಯೇ ಇಲ್ಲವೇ ಎಂದು ವೈದ್ಯರು ನೋಡಬೇಕು.

ನಿವೃತ್ತ ರೈಟರ್

ಠಾಣೆಯಲ್ಲಿ ರೈಟರ್ ಆಗಿ ಬದುಕು ಕಳೆದವನು. ಕಾದಂಬರಿಗಳಲ್ಲಿ ನಮ್ಮನ್ನು ಚಹಾ ತರುವವರಂತೆ ತೋರಿಸುತ್ತಾರೆ, ಆ ಸಿಟ್ಟು ಹಾಗೇ ಇದೆ. ಪ್ರಕರಣ ನಿಲ್ಲುವುದು ಬೀಳುವುದು ರೈಟರ್ ಬರೆದ ಕಾಗದದ ಮೇಲೆ.

ನಾಲೆಯಲ್ಲಿ ಹೆಣ ಸಿಕ್ಕರೆ ಮೊದಲ ದಿನ ಕೊಲೆ ಎಂದು ಯಾರೂ ಬರೆಯುವುದಿಲ್ಲ. ಅಸ್ವಾಭಾವಿಕ ಸಾವಿನ ವರದಿ, ಅಂದರೆ ಯುಡಿಆರ್, ದಾಖಲಾಗುತ್ತದೆ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 174. ಪಂಚರನ್ನು ಕರೆದು ಶವ ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ. ಕಾಲು ಜಾರಿ ಬಿದ್ದ, ಕುಡಿದಿದ್ದ ಎಂದು ಮುಗಿಸಿಬಿಡುವ ಒತ್ತಡ ಮೇಲಿನಿಂದ ಇರುತ್ತದೆ. ನಿಮ್ಮ ಪಿಎಸ್‌ಐಯ ಮೊದಲ ಹೋರಾಟ ಕೊಲೆಗಾರನ ಜೊತೆಗಲ್ಲ, ಆ ಯುಡಿಆರ್ ಜೊತೆಗೆ. ಅದನ್ನು ಕೊಲೆ ಪ್ರಕರಣವಾಗಿ ಬದಲಿಸಲು ಅವಳ ಕೈಯಲ್ಲಿ ಏನಿದೆ?

ಒಂದು ದಾರಿ ಹೇಳುತ್ತೇನೆ. ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಪರೀಕ್ಷೆ. ಉಸಿರಿರುವಾಗ ಮುಳುಗಿದವನ ರಕ್ತದ ಮೂಲಕ ನೀರಿನ ಸೂಕ್ಷ್ಮ ಪಾಚಿ ಮಜ್ಜೆಯವರೆಗೆ ಹೋಗಿರುತ್ತದೆ. ಸತ್ತ ಮೇಲೆ ನಾಲೆಗೆ ಎಸೆದಿದ್ದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ನೂರಕ್ಕೆ ನೂರು ನಂಬುವ ಪರೀಕ್ಷೆಯೇನೂ ಅಲ್ಲ, ವಕೀಲರು ಹರಿದು ಹಾಕುತ್ತಾರೆ. ಆದರೆ ಮೇಲಧಿಕಾರಿಯನ್ನು ಒಪ್ಪಿಸಲು ಸಾಕು.

ಇನ್ನು ಆ ಕಪ್ಪು ಬೆರಳು. ಎರಡು ಮೂರು ದಿನ ನೀರಿನಲ್ಲಿದ್ದ ಹೆಣದ ಕೈಚರ್ಮ ಬಿಳಿಚಿ ಸುಕ್ಕಾಗಿರುತ್ತದೆ. ಇನ್ನೂ ಕೆಲವು ದಿನ ಕಳೆದರೆ ಕೈಗವಸಿನಂತೆ ಕಳಚಿ ಬರುತ್ತದೆ. ಊಟದ ಹೊತ್ತಿನಲ್ಲಿ ಓದುತ್ತಿರುವವರು ಕ್ಷಮಿಸಿ. ಚರ್ಮದ ಕಲೆಯನ್ನು ನೆಚ್ಚಬೇಡಿ.

ರಸಾಯನ ಮೇಷ್ಟ್ರು

ರೈಟರ್ ಸಾಹೇಬರು ಒಳ್ಳೆಯ ಜಾಗಕ್ಕೆ ಬಂದರು. ಚರ್ಮ ಬಿಡಿ, ಉಗುರು ಹಿಡಿಯಿರಿ.

ಚರ್ಮದ ಮೇಲಿನ ಕಲೆ ಹೆಚ್ಚೆಂದರೆ ಎರಡು ಮೂರು ವಾರ ನಿಲ್ಲುತ್ತದೆ, ಹೊರಪದರ ಉದುರಿದಂತೆ ಹೋಗುತ್ತದೆ. ಉಗುರಿನದು ಹಾಗಲ್ಲ, ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಉಗುರಿನ ಬುಡದಲ್ಲಿ 3 ಮಿಲಿಮೀಟರ್ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಇದ್ದರೆ, ಅವನು ಸಾಯುವ ಒಂದು ತಿಂಗಳ ಮುಂಚೆಯೇ ಆ ಕೆಲಸ ನಿಲ್ಲಿಸಿದ್ದಾನೆ ಎಂದರ್ಥ. ಸತ್ತ ಮೇಲೂ ಉಗುರು ಬೆಳೆಯುತ್ತದೆ ಎನ್ನುವುದು ಸುಳ್ಳು. ಸುತ್ತಲಿನ ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಹಾಗೆ ಕಾಣುತ್ತದೆ. ನೀರಿನಲ್ಲಿದ್ದ ಹೆಣಕ್ಕೆ ಆ ಗೊಂದಲವೂ ಕಡಿಮೆ.

ಹತ್ತೂ ಬೆರಳ ಚರ್ಮ ಸ್ವಚ್ಛ, ಹತ್ತೂ ಉಗುರಿನ ತುದಿಯಲ್ಲಿ ಕಪ್ಪು, ಬುಡದಲ್ಲಿ ಬಿಳಿ. ಆ ಒಂದು ತಿಂಗಳು ಅವನು ಎಲ್ಲಿದ್ದ? ನಿಮ್ಮ ಪಿಎಸ್‌ಐಗೆ ಒಂದು ಅಳತೆಪಟ್ಟಿ ಕೊಡಿ, ಪಿಸ್ತೂಲು ಬೇಡ.

ನಾಲೆ ಏರಿ

ಉಗುರು ಇರಲಿ, ಅದನ್ನು ಬಿಡುವ ಮಾತೇ ಇಲ್ಲ. ಆದರೆ ಅಸಲಿ ಶಾಯಿಯನ್ನು ಕೈಯಾರೆ ಮುಟ್ಟುವ ಕೆಲಸ ಕಳ್ಳರ ಕಡೆಯವನಿಗೆ ಏಕೆ? ಅಸಲಿ ಸೀಸೆಯನ್ನು ಖಾಲಿ ಮಾಡಿ ಅದಕ್ಕೇ ಬಣ್ಣದ ನೀರು ತುಂಬುತ್ತಿದ್ದರು ಎನ್ನೋಣವೇ?

ಸರಕು ಸಾಗಣೆ

ಬೇಡ. ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ಸರಕು ಹೋಗುವುದಿಲ್ಲ, ಲಾರಿ ಬೆಂಗಳೂರಿಗೋ ಚೆನ್ನೈಗೋ ಹೋಗಬೇಕು. ಹೆದ್ದಾರಿ ಹಿಡಿದರೆ ಗಣಂಗೂರು ಟೋಲ್‌ನಲ್ಲಿ ಫಾಸ್ಟ್‌ಟ್ಯಾಗ್ ಸಮಯ ಬೀಳುತ್ತದೆ, ಮುಂದೆ ಬಿಡದಿ ಕಡೆಯ ಟೋಲ್‌ನಲ್ಲಿ ಮತ್ತೊಂದು. ನಡುವೆ ಐದು ತಾಸು ಅಂತರ ಇದ್ದರೆ ಲಾರಿ ಎಲ್ಲೋ ಇಳಿದಿದೆ. ಮದ್ದೂರಿನಲ್ಲಿ ವಡೆ ತಿನ್ನಲು ಐದು ತಾಸು ಬೇಡ. ಇಷ್ಟು ತನಿಖೆ ಕೂತಲ್ಲೇ ಆಗುತ್ತದೆ.

ಹತ್ತು ಸಾವಿರ ಸೀಸೆ ಎಂದಿಟ್ಟುಕೊಳ್ಳಿ. ಆರು ಜನ, ಐದು ತಾಸು. ಒಬ್ಬನಿಗೆ ಸೀಸೆಗೆ ಹನ್ನೊಂದು ಸೆಕೆಂಡು ಕೂಡ ಸಿಗುವುದಿಲ್ಲ. ಅಷ್ಟರಲ್ಲಿ ಪೆಟ್ಟಿಗೆ ಒಡೆದು, ಮುಚ್ಚಳ ಬಿಚ್ಚಿ, ಸುರಿದು, ತುಂಬಿ, ಸೀಲ್ ಮಾಡಿ, ಮತ್ತೆ ಪೆಟ್ಟಿಗೆಗೆ ಹಾಕುವುದು ಸಾಧ್ಯವೇ? ಪೆಟ್ಟಿಗೆಗೆ ಪೆಟ್ಟಿಗೆ ಬದಲಾಯಿಸಬೇಕು. ನಕಲಿ ಮೊದಲೇ ಸಿದ್ಧವಾಗಿರಬೇಕು. ಅದೆಲ್ಲ ಮುಗಿದ ಮೇಲೆ ಅಸಲಿ ಸೀಸೆಗಳು ಕಳ್ಳರಿಗೆ ಬೇಡದ ಹೊರೆ, ಎಲ್ಲಾದರೂ ನಾಶ ಮಾಡಬೇಕು.

ಹುಲಿಕೆರೆ ಹುಡುಗಿ

ನಾಶ ಮಾಡು ಎಂದು ಒಬ್ಬ ಕೂಲಿಗೆ ಹೇಳಿದರು. ಅವನು ಮಾಡಲಿಲ್ಲ.

ರಸಾಯನ ಮೇಷ್ಟ್ರು

ಅಬ್ಬಾ! ಹೌದು. ಅದರಲ್ಲಿ ಬೆಳ್ಳಿ ಇದೆಯಲ್ಲ.

ಒಂದು ಸೀಸೆ 10 ಮಿಲಿಲೀಟರ್, ಸುಮಾರು 700 ಮತದಾರರಿಗೆ ಸಾಕು. ಸಣ್ಣ ದೇಶ, 70 ಲಕ್ಷ ಮತದಾರರು, ಹತ್ತು ಸಾವಿರ ಸೀಸೆ. ಸಿಲ್ವರ್ ನೈಟ್ರೇಟ್ ಶೇ 10ರಿಂದ 18 ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದರ ತೂಕದಲ್ಲಿ ಶೇ 63ರಷ್ಟು ಬೆಳ್ಳಿ. ಒಟ್ಟು 6 ಕಿಲೋದಿಂದ 11 ಕಿಲೋ ಬೆಳ್ಳಿ. ಚುನಾವಣೆ ಕದಿಯುವವನಿಗೆ ಅದು ಚಿಲ್ಲರೆ. ಮಂಡ್ಯದ ಒಬ್ಬ ಕೂಲಿಗೆ ಮಗಳ ಮದುವೆ, ಸಾಲ, ಮನೆ ಎಲ್ಲ ಅದರಲ್ಲೇ ಇದೆ.

ತೆಗೆಯುವುದೂ ಕಷ್ಟವಲ್ಲ. ಅಡುಗೆ ಉಪ್ಪಿನ ನೀರು ಹಾಕಿದರೆ ಮೊಸರಿನಂತೆ ಬಿಳಿ ಗಸಿ ಕೂರುತ್ತದೆ. ಅದನ್ನು ಕ್ಷಾರ ಮತ್ತು ಗ್ಲೂಕೋಸ್‌ನಂಥ ಸಕ್ಕರೆಯಿಂದ ಮತ್ತೆ ಬೆಳ್ಳಿಗೆ ತರುವುದು ಬೆಳ್ಳಿ ಶುದ್ಧೀಕರಿಸುವವರ ಹಳೆಯ ವಿಧಾನ. ಬೆಲ್ಲದ ಕಾಕಂಬಿಯಲ್ಲಿ ಆ ಸಕ್ಕರೆ ಬೇಕಾದಷ್ಟಿದೆ.

ಹುಲಿಕೆರೆ ಹುಡುಗಿ

ಆಲೆಮನೆ!! ಕೊಪ್ಪರಿಗೆ, ಬೆಂಕಿ, ಹೊಗೆ, ರಾತ್ರಿಯೆಲ್ಲ ಕೆಲಸ, ಯಾರೂ ಅನುಮಾನ ಪಡುವುದಿಲ್ಲ. ಉತ್ತರ ಭಾರತದಿಂದ ಬಂದ ಕೂಲಿಗಳು ಇಲ್ಲಿನ ಹಲವು ಆಲೆಮನೆಗಳಲ್ಲಿ ಇದ್ದಾರೆ, ಹೆಣದ ಗುರುತು ಹಿಡಿಯಲು ಊರಿನಲ್ಲಿ ಯಾರೂ ಇಲ್ಲ ಎನ್ನುವುದಕ್ಕೂ ಅದು ಕಾರಣವಾಗುತ್ತದೆ. ಅಂಥವನನ್ನು ಕಥೆಯಲ್ಲಿ ಬರೀ ಹೆಣವಾಗಿ ಬಿಡಬೇಡಿ. ಅವನಿಗೆ ಒಂದು ಅಧ್ಯಾಯವಾದರೂ ಇರಲಿ, ಅವನ ಊರು, ಅವನು ಮನೆಗೆ ಮಾಡುತ್ತಿದ್ದ ಫೋನ್.

ಬನ್ನಿಮಂಟಪದವರು

ಆ ಬೆಳ್ಳಿಯನ್ನು ಮಾರಲು ಮೈಸೂರಿನ ಅಶೋಕ ರಸ್ತೆಗೇ ಬರಬೇಕು. ಬಿಲ್ಲಿಲ್ಲದ ಗಟ್ಟಿ ಬೆಳ್ಳಿ ತಂದ ಕೂಲಿ ಯಾರ ಕಣ್ಣಿಗೂ ಬೀಳದೇ ಇರುತ್ತಾನೆಯೇ? ಸುದ್ದಿ ಒಡೆದದ್ದು ಅಲ್ಲಿ. ಯಜಮಾನರಿಗೆ ಗೊತ್ತಾದದ್ದು ಅಲ್ಲಿ. ಅವನು ತಲೆಮರೆಸಿಕೊಂಡದ್ದು ಆಮೇಲೆ. ಉಗುರಿನ ಬಿಳಿ ಪಟ್ಟಿಯ ಒಂದು ತಿಂಗಳು ಅದೇ.

ಕೊನೆಯ ಪುಟ

ಸರಿ, ಹೆಣ ಮತ್ತು ಬೆಳ್ಳಿ ಕೂಡಿಕೊಂಡವು. ಈಗ ನನ್ನ ತಕರಾರು. ಅಂತಾರಾಷ್ಟ್ರೀಯ ಎಂದಿರಿ, ಎಲ್ಲಿದೆ? ಪಿಎಸ್‌ಐ ಒಮ್ಮೆಯಾದರೂ ವಿಮಾನ ಹತ್ತಬೇಡವೇ? ಆ ರಾಜಧಾನಿಯ ಬೀದಿ, ಮತಗಟ್ಟೆ, ಸೈನಿಕರು? ಓದುಗನಿಗೆ ಗಣಂಗೂರು ಟೋಲ್ ಮಾತ್ರ ತೋರಿಸಿದರೆ ಹೇಗೆ? ಅದೂ ಅಲ್ಲದೆ, ಶಾಯಿಯಿಂದ ಒಂದು ದೇಶದ ಚುನಾವಣೆ ಅಲುಗುತ್ತದೆ ಎಂದರೆ ಯಾರು ನಂಬುತ್ತಾರೆ?

ನಾಲೆ ಏರಿ

ಅಲುಗಿದೆ. ಅಫ್ಘಾನಿಸ್ತಾನದಲ್ಲಿ 2004ರ ಅಕ್ಟೋಬರ್ 9ರಂದು ಅಧ್ಯಕ್ಷೀಯ ಚುನಾವಣೆ ನಡೆದಾಗ ಬೆರಳಿನ ಗುರುತು ಅಳಿಸಿ ಹೋಗುತ್ತಿದೆ ಎಂದು ಮಧ್ಯಾಹ್ನದ ಹೊತ್ತಿಗೆ ಪ್ರತಿಸ್ಪರ್ಧಿಗಳು ಬಹಿಷ್ಕಾರ ಘೋಷಿಸಿದರು. ಕೆಲವು ಮತಗಟ್ಟೆಗಳಲ್ಲಿ ಶಾಯಿಯ ಬದಲು ಸಾಮಾನ್ಯ ಮಾರ್ಕರ್ ಪೆನ್ನು ಬಳಸಿದ್ದರು. ಮಲೇಷ್ಯಾದಲ್ಲಿ 2008ರ ಮಾರ್ಚ್ 8ರ ಚುನಾವಣೆಗೆ ನಾಲ್ಕೇ ದಿನ ಇರುವಾಗ ಆಯೋಗ ಶಾಯಿಯ ಬಳಕೆಯನ್ನೇ ಕೈಬಿಟ್ಟಿತು. ನೆರೆದೇಶದಿಂದ ಶಾಯಿ ಕಳ್ಳಸಾಗಣೆಯಾಗಿದೆ, ಮತದಾನಕ್ಕೆ ಮೊದಲೇ ಜನರ ಬೆರಳಿಗೆ ಹಚ್ಚಿ ವಂಚಿಸುವ ಸಂಚಿದೆ ಎಂದು ಕಾರಣ ಕೊಟ್ಟಿತು. ಇವೆರಡಕ್ಕೂ ಮೈಸೂರಿನ ಕಳ್ಳತನಕ್ಕೂ ಸಂಬಂಧವಿಲ್ಲ. ಇಷ್ಟು ಸಣ್ಣ ವಸ್ತು ಎಷ್ಟು ದೊಡ್ಡ ಗಲಭೆ ಎಬ್ಬಿಸಬಲ್ಲದು ಎನ್ನುವುದಕ್ಕೆ ಹೇಳಿದೆ.

ವಿಮಾನ ಮಾತ್ರ ಹತ್ತಿಸುವುದಿಲ್ಲ. ಪಿಎಸ್‌ಐಗೆ ಭತ್ಯೆ ಮಂಜೂರಾಗಿ ಬರುವಷ್ಟರಲ್ಲಿ ನಾನು ಮೂರು ಕಾದಂಬರಿ ಮುಗಿಸಿರುತ್ತೇನೆ. ಮಾನಸಗಂಗೋತ್ರಿಯಲ್ಲಿ ಓದುತ್ತಿರುವ ಆ ದೇಶದ ವಿದ್ಯಾರ್ಥಿನಿಯೊಬ್ಬಳು ಕಥೆಗೆ ಬರುತ್ತಾಳೆ. ಚುನಾವಣೆಯ ಸಂಜೆ ಅವಳ ತಾಯಿ ವಿಡಿಯೋ ಕರೆಯಲ್ಲಿ ಸ್ವಚ್ಛವಾದ ಬೆರಳನ್ನು ತೋರಿಸುತ್ತಾಳೆ. ಅವಳ ದೇಶ ನಮಗೆ ಕಾಣುವುದು ಆ ಮೊಬೈಲ್ ಪರದೆಯಷ್ಟೇ.

ಲಷ್ಕರ್ ಮೊಹಲ್ಲಾ

ಒಂದು ಬೇಡಿಕೆ. ಆ ವಿದ್ಯಾರ್ಥಿನಿಯನ್ನು ಅನುಮಾನದ ಪಾತ್ರ ಮಾಡಬೇಡಿ. ಮೈಸೂರಿನಲ್ಲಿ ವಿದೇಶಿಯರು ಹೊಸಬರಲ್ಲ: ವಿಶ್ವವಿದ್ಯಾನಿಲಯಕ್ಕೆ ಬರುವವರು, ಗೋಕುಲಂಗೆ ಯೋಗ ಕಲಿಯಲು ಬರುವವರು, ಬೈಲಕುಪ್ಪೆಯಲ್ಲಿ ಅರವತ್ತರ ದಶಕದಿಂದ ಇರುವ ಟಿಬೆಟನ್ನರು. ಆದರೂ ಕಥೆಯಲ್ಲಿ ಕಪ್ಪು ಚರ್ಮದ ವಿದ್ಯಾರ್ಥಿ ಬಂದರೆ ಮುಂದಿನ ಪುಟದಲ್ಲಿ ಮಾದಕ ವಸ್ತು ಬರುತ್ತದೆ. ಓದಿ ಓದಿ ಬೇಸತ್ತಿದ್ದೇನೆ.

ನಿವೃತ್ತ ರೈಟರ್

ವಿಮಾನ ಬೇಡ ಎಂಬುದಕ್ಕೆ ನನ್ನ ಬೆಂಬಲ. ಆದರೆ ಇಂಟರ್‌ಪೋಲ್ ಬಗ್ಗೆ ಸರಿಯಾಗಿ ಬರೆಯಿರಿ. ಇಂಟರ್‌ಪೋಲ್ ಪೊಲೀಸರು ಬಂದು ಯಾರನ್ನೂ ಬಂಧಿಸುವುದಿಲ್ಲ. ರೆಡ್ ನೋಟಿಸ್ ಬಂಧನದ ವಾರಂಟ್ ಅಲ್ಲ, ಇವನನ್ನು ಪತ್ತೆ ಮಾಡಿ, ಹಸ್ತಾಂತರದ ಕ್ರಮ ಆಗುವ ತನಕ ತಾತ್ಕಾಲಿಕವಾಗಿ ಹಿಡಿದಿಡಿ ಎಂಬ ಕೋರಿಕೆ. ಭಾರತದಲ್ಲಿ ಅದರ ಸಂಪರ್ಕ ಕೇಂದ್ರ ಸಿಬಿಐ. ಮಂಡ್ಯದ ಕಡತ ಮೆಟ್ಟಿಲು ಮೆಟ್ಟಿಲಾಗಿ ದೆಹಲಿಗೆ ಹೋಗಬೇಕು. 2025ರ ಜನವರಿಯಿಂದ ಭಾರತ್‌ಪೋಲ್ ಎಂಬ ಜಾಲತಾಣ ಬಂದಿರುವುದರಿಂದ ಮೆಟ್ಟಿಲು ಕಡಿಮೆಯಾಗಿವೆ. ಅಲ್ಲಿನ ಸಾಕ್ಷಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ನಮ್ಮ ನ್ಯಾಯಾಲಯದಿಂದ ಆ ದೇಶದ ನ್ಯಾಯಾಲಯಕ್ಕೆ ಕೋರಿಕೆ ಪತ್ರ ಹೋಗಬೇಕು, ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಂ.

ಈಗ ಮುಖ್ಯ ಮಾತು. ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ಸ್ವರೂಪದ ಯಾವ ವಿಷಯಕ್ಕೂ ಸಂಸ್ಥೆ ಕೈಹಾಕಬಾರದು ಎನ್ನುತ್ತದೆ. ಪಿಎಸ್‌ಐ ತನ್ನ ಪತ್ರದಲ್ಲಿ ‘ಚುನಾವಣೆ’ ಎಂಬ ಪದ ಬರೆದರೆ ಕಡತ ಅಲ್ಲೇ ಮಲಗುತ್ತದೆ. ಅಲ್ಲಿ ಗೆದ್ದವನೇ ಈಗ ಅಲ್ಲಿನ ಸರ್ಕಾರ, ಅವನು ಉತ್ತರ ಕೊಡುತ್ತಾನೆಯೇ? ಅವಳು ಬರೆಯಬೇಕಾದದ್ದು ಇಷ್ಟೇ: ನಾಲೆಯಲ್ಲಿ ಒಬ್ಬ ಕೂಲಿ ಸತ್ತಿದ್ದಾನೆ, ಕೊಲೆಗೆ ಹಣ ಕೊಟ್ಟವನು ನಿಮ್ಮಲ್ಲಿದ್ದಾನೆ. ಇಡೀ ಸಂಚಿನಲ್ಲಿ ಗಡಿ ದಾಟಬಲ್ಲ ಅಪರಾಧ ಆ ಒಂದು ಕೊಲೆ ಮಾತ್ರ. ಅದಕ್ಕೇ ಹೇಳಿದ್ದು, ಯುಡಿಆರ್ ಅನ್ನು ಕೊಲೆಯಾಗಿ ಬದಲಿಸುವ ಆ ಮೊದಲ ಅಧ್ಯಾಯವನ್ನು ಎರಡು ಪುಟದಲ್ಲಿ ಮುಗಿಸಬೇಡಿ ಎಂದು.

ರಸಾಯನ ಮೇಷ್ಟ್ರು

ಸಣ್ಣದೊಂದು: ವಶಪಡಿಸಿಕೊಂಡ ಶಾಯಿಯನ್ನು ಠಾಣೆಯಲ್ಲಿ ಬೆಳಕು ಬೀಳುವ ಕಡೆ, ಬಿಳಿ ಬಾಟಲಿಯಲ್ಲಿ ಇಡಿಸಬೇಡಿ. ಕಂದು ಗಾಜು, ಕತ್ತಲೆ. ಇಲ್ಲದಿದ್ದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಅದು ಕೆಟ್ಟಿರುತ್ತದೆ, ವಕೀಲರಿಗೆ ಹಬ್ಬ.

ನಿವೃತ್ತ ರೈಟರ್

ಪಿ.ಎಫ್. (ಜಪ್ತಿ ಮಾಡಿದ ಸ್ವತ್ತಿನ ನಮೂನೆ) ಸಂಖ್ಯೆ ಹಾಕಿ, ಸೀಲ್ ಮಾಡಿ, ವಿಡಿಯೋ ಚಿತ್ರೀಕರಣ ಮಾಡಿ ಇಡುತ್ತಾಳೆ. ಈಗಿನ ಕಾನೂನಿನಲ್ಲಿ ಶೋಧನೆ ಮತ್ತು ಜಪ್ತಿಗೆ ಚಿತ್ರೀಕರಣ ಕಡ್ಡಾಯ. ಮೇಷ್ಟ್ರು ನಮ್ಮ ಇಲಾಖೆಯನ್ನು ಅಷ್ಟು ಹಗುರವಾಗಿ ತಿಳಿಯಬಾರದು.

ಕೊನೆಯ ಪುಟ

ಹಾಗಾದರೆ ಕೊಲೆಗಾರ ಸಿಕ್ಕಿಬಿದ್ದ ಮೇಲೂ ಆ ದೇಶದ ಅಧ್ಯಕ್ಷ ಕುರ್ಚಿಯಲ್ಲೇ ಇರುತ್ತಾನೆಯೇ?

ನಾಲೆ ಏರಿ

ಇರುತ್ತಾನೆ. ಅವನನ್ನು ಇಳಿಸುವುದು ಮಂಡ್ಯ ಗ್ರಾಮಾಂತರ ಠಾಣೆಯ ಕೆಲಸವಲ್ಲ.

ಕೊನೆಯ ಪುಟ

ಇದು ಮೋಸ. ಮುನ್ನೂರು ಪುಟ ಓದಿದವನಿಗೆ ಲಾರಿ ಚಾಲಕ, ಆಲೆಮನೆ ಯಜಮಾನ ಇಬ್ಬರನ್ನು ಮಾತ್ರ ಕೊಡುತ್ತೀರಾ?

ನಿವೃತ್ತ ರೈಟರ್

ಕೊಲೆಯ ಆರೋಪಪಟ್ಟಿ 90 ದಿನದೊಳಗೆ ಹಾಕಲೇಬೇಕು, ಇಲ್ಲವಾದರೆ ಒಳಗಿರುವವರಿಗೆ ತಾನಾಗಿ ಜಾಮೀನು. ವಿದೇಶದ ಉತ್ತರಕ್ಕೆ ಕಾಯುತ್ತಾ ಕೂರುವಂತಿಲ್ಲ. ಇಬ್ಬರ ಮೇಲೆ ಹಾಕಿ, ಮೂರನೆಯವನನ್ನು ತಲೆಮರೆಸಿಕೊಂಡವನು ಎಂದು ತೋರಿಸಿ. ಅದೇ ಸಂಹಿತೆಯ 193ನೇ ಕಲಂ 9ನೇ ಉಪಕಲಂನಲ್ಲಿ ಮುಂದಿನ ತನಿಖೆಗೆ ಅವಕಾಶ ಇದೆ. ಎರಡನೇ ಭಾಗ ಬರೆಯುವವರಿಗೆ ಅಷ್ಟು ಸಾಕು.

ಹುಲಿಕೆರೆ ಹುಡುಗಿ

ಎರಡನೇ ಭಾಗದಲ್ಲಿ ನೀರುಗಂಟಿ ಇರಬೇಕು. ಅವನನ್ನು ಮೊದಲ ಭಾಗದಲ್ಲಿ ಕೊಂದರೆ ನಾನು ಓದುವುದಿಲ್ಲ.